ಪಂಪಾವತಿ ತೆಗೆದ ಸದ್ದು

ಬಳ್ಳಾರಿಯ ಕಂಟೋನ್ಮೆಂಟ್ ಹಿಂದಿನ ಗಲ್ಲಿಯೊಂದರಲ್ಲಿ ಒಂದೂವರೆ ಅಂಗಡಿ ಇದೆ. ಒಂದು, ಯರ್ರಿಸ್ವಾಮಿಯ ಮೊಬೈಲ್ ಕವರಿನ ಅಂಗಡಿ. ಉಳಿದ ಅರ್ಧ ಎಂದರೆ ಅದೇ ಕೌಂಟರಿನ ಎಡತುದಿ; ಅಲ್ಲಿ ಪಂಪಾವತಿ ಕೂರುತ್ತಾಳೆ. ವಯಸ್ಸು ನಲವತ್ಮೂರು, ತವರು ಸಿರಿಗೇರಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಬಂದು ಉಂಡು ಮಲಗಿ ಹೋಗುತ್ತಾನೆ. ಹಾಗಾಗಿ ಈ ಕಥೆಯಲ್ಲಿ ಅವನಿಗೇನೂ ಕೆಲಸವಿಲ್ಲ.

ಪಂಪಾವತಿಯ ಕೆಲಸ ಬೆಸುಗೆ. ಹೊಲಿಗೆ ಮಷಿನ್ನಿನ ಮೋಟರಿನದು, ಇನ್ವರ್ಟರಿನದು, ಮಿಕ್ಸಿಯದು, ಯಾವ ಬೋರ್ಡ್ ತಂದುಕೊಟ್ಟರೂ ಬಿಚ್ಚಿ ಸರಿ ಮಾಡುತ್ತಾಳೆ. ಸ್ಪೀಕರ್ ಒಂದನ್ನು ಮುಟ್ಟುವುದಿಲ್ಲ. ಯಾಕೆಂದು ಕೇಳಿದರೆ, "ಅದು ಕಲಿಯೋರ ಕೆಲಸ, ಬ್ಯಾರೆ ಕಡೆ ಒಯ್ರಿ" ಎಂದು ಮೂಗು ಮುರಿಯುತ್ತಾಳೆ. ಇದು ಅಪ್ಪಟ ಸುಳ್ಳು. ನಿಜ ಏನೆಂದರೆ ಅವಳಿಗೆ ಕಿವಿ ಕೇಳುವುದಿಲ್ಲ.

ಪೂರ್ತಿ ಕೇಳುವುದಿಲ್ಲ ಅಂತಲ್ಲ. ಬಸ್ಸು ಹಾರ್ನ್ ಹೊಡೆದರೆ ಎದೆಗೆ ಬಡಿದಂತೆ ಗೊತ್ತಾಗುತ್ತದೆ. ಅದಕ್ಕಿಂತ ಸಣ್ಣದೆಲ್ಲ ಹೋಗಿದೆ. ಕುಕ್ಕರಿನ ಸೀಟಿ ಹೋಯಿತು, ಗುಬ್ಬಿ ಹೋಯಿತು, ಅತ್ತೆಯ ಗೊಣಗಾಟ ಹೋಯಿತು. ಕೊನೆಯದಕ್ಕೆ ಅವಳು ಬೇಜಾರು ಮಾಡಿಕೊಂಡಿಲ್ಲ. ಹದಿನಾರು ವರ್ಷ ಜೀನ್ಸ್ ಯೂನಿಟ್ಟಿನಲ್ಲಿ, ತಗಡಿನ ಚಾವಣಿಯ ಕೆಳಗೆ, ನಲವತ್ತು ಮಷಿನ್ನುಗಳ ನಡುವೆ ಕೂತಿದ್ದರ ಫಲ ಇದು. ಅಲ್ಲಿ ಅವಳದು ಆಲ್ಟರ್ ಕೆಲಸ: ಬೇರೆಯವರು ತಪ್ಪು ಹೊಲಿದದ್ದನ್ನು ಬಟ್ಟೆ ಹರಿಯದಂತೆ ಬಿಚ್ಚುವುದು. ಮಷಿನ್ನಿನ ಬೋರ್ಡು ಕೆಟ್ಟಾಗ ಆದೋನಿಯಿಂದ ಬರುತ್ತಿದ್ದ ಮೆಕ್ಯಾನಿಕ್ಕಿನ ಪಕ್ಕ ನಿಂತು, ಟಾರ್ಚ್ ಹಿಡಿದು, ಅವನ ತೆಲುಗು ಬೈಗುಳದ ಜೊತೆಗೇ ಬೆಸುಗೆಯನ್ನೂ ಕಲಿತಳು. ಯೂನಿಟ್ ಮುಚ್ಚಿದಾಗ ಕೈಗೆ ವಿದ್ಯೆ ಬಂದಿತ್ತು, ಕಿವಿ ಹೋಗಿತ್ತು.

ಇದು ಯಾರಿಗೂ ಗೊತ್ತಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾಳೆ. ಕನ್ನಡ, ತೆಲುಗು, ಉರ್ದು ಮೂರೂ ತುಟಿಯಲ್ಲೇ ಬರುತ್ತವೆ, ಗುಟ್ಕಾ ಹಾಕಿಕೊಂಡವರ ಭಾಷೆ ಒಂದು ಬರುವುದಿಲ್ಲ. ಫೋನ್ ಎತ್ತುವುದಿಲ್ಲ, ಕೈಯಲ್ಲಿ ಬೆಸುಗೆಯ ಕಾದ ಕಡ್ಡಿ ಇರುತ್ತದೆ ಎಂಬ ನೆಪ. ಬೀಪ್ ಅನ್ನುವ ಮಾಲುಗಳ ಲೋಕದಲ್ಲಿ ಕಿವುಡಿಯ ಕೈಗೆ ಇನ್ವರ್ಟರ್ ಕೊಡುವವರು ಯಾರು? ಗೊತ್ತಾದ ದಿನವೇ ಗಿರಾಕಿಗಳು ಪಕ್ಕದ ಗಲ್ಲಿಗೆ ಹೋಗುತ್ತಾರೆ ಎಂದು ಅವಳಿಗೆ ಗಟ್ಟಿ ಹೆದರಿಕೆ ಇತ್ತು.

ಇಂಥವಳ ಹತ್ತಿರ ಒಂದು ದಿನ ಕುರುಗೋಡಿನ ಚಿನ್ನಪ್ಪ ಕೀಬೋರ್ಡ್ ಹಿಡಿದುಕೊಂಡು ಬಂದ.

ಚಿನ್ನಪ್ಪ ಕುರುಗೋಡಿನ ತಾಲ್ಲೂಕು ಕಚೇರಿಯ ಎದುರು ಟೇಬಲ್ ಹಾಕಿಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುವವನು. ಅವನ ಲ್ಯಾಪ್‌ಟಾಪಿನ ಸ್ವಂತ ಕೀಗಳು ಯಾವತ್ತೋ ಉದುರಿದ್ದವು. ಸಿರುಗುಪ್ಪದಲ್ಲಿ ಒಂದು ಗೇಮ್ ಸೆಂಟರ್ ಬಾಗಿಲು ಹಾಕಿದಾಗ ಅಲ್ಲಿಂದ ಒಂದು ದಪ್ಪ ಕೀಬೋರ್ಡ್ ತಂದು ಸಿಕ್ಕಿಸಿಕೊಂಡಿದ್ದ. ಒತ್ತಿದರೆ ಕೆಂಪು ನೀಲಿ ದೀಪ ಓಡುತ್ತಿದ್ದವು, ಟಕಟಕ ಸದ್ದು ತಹಶೀಲ್ದಾರರ ಕೋಣೆಯ ತನಕ ಹೋಗುತ್ತಿತ್ತು. ವಾರಸಾ ಅರ್ಜಿಯ ಮೇಲೆ ಡಿಸ್ಕೋ ಬೆಳಕು ಬೀಳುವುದು ಕುರುಗೋಡಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಪಂಪಕ್ಕ, ಎಫ್ ಒಂದ್ಸಲ ಒತ್ತಿದ್ರ ಎರಡ್ಸಲ ಬೀಳ್ತೈತಿ. ಒತ್ತಕ್ಷರಕ್ಕೆಲ್ಲ ಅದೇ ಬೇಕು. ಇನ್ನೂ ಹತ್ತು ಹನ್ನೆರಡು ಹಂಗ ಆಗ್ಯಾವು" ಎಂದ.

"ಹತ್ತು ಹೋದ್ವು ಅಂದ್ರ ಉಳಿದವೂ ಅದೇ ದಾರಿ ಹಿಡಿತಾವು. ಎಲ್ಲಾ ಬದಲಿ ಮಾಡೇ ಬಿಡ್ತೀನಿ. ನಾ ಕೈ ಹಾಕಿದ ಮಾಲು ವಾಪಸ್ ಬಂದಿದ್ದಿಲ್ಲ" ಎಂದಳು ಪಂಪಾವತಿ.

ಎಂಬತ್ತೇಳು ಸ್ವಿಚ್ಚು. ಕಿತ್ತು ಸಿಕ್ಕಿಸುವ ಜಾತಿಯವಲ್ಲ. ಒಂದೊಂದರ ಎರಡೆರಡು ಕಾಲನ್ನೂ ಬೋರ್ಡಿನ ಹಿಂದೆ ಬೆಸುಗೆ ಹಾಕಿ ಕೂರಿಸಿದ್ದರು. ಹಳೆಯ ಬೆಸುಗೆ, ಕಾದ ಕಡ್ಡಿ ಇಟ್ಟರೂ ಕರಗದೆ ಹಟ ಹಿಡಿಯುತ್ತದೆ. ಅರೆಬರೆ ಕಲಿತವರು ಕಡ್ಡಿಯನ್ನು ಇನ್ನೂ ಒತ್ತಿ, ಕಾಲಿನ ಸುತ್ತ ಇರುವ ತಾಮ್ರದ ಸಣ್ಣ ಉಂಗುರವನ್ನೇ ಕಿತ್ತೆಬ್ಬಿಸುತ್ತಾರೆ. ಉಂಗುರ ಎದ್ದರೆ ಆ ಕೀ ಸತ್ತಂತೆ. ಪಂಪಾವತಿ ಹಾಗೆ ಮಾಡುವುದಿಲ್ಲ. ತೆಗೆಯಬೇಕಾದ ಬೆಸುಗೆಯ ಮೇಲೆ ಚೂರು ಹೊಸ ಬೆಸುಗೆ ಸುರಿಯುತ್ತಾಳೆ. ಹೊಸದು ಹಳೆಯದನ್ನು ಮೆತ್ತಗೆ ಮಾಡಿ ಎರಡೂ ಒಟ್ಟಿಗೆ ಕರಗಿದ ಗಳಿಗೆಯಲ್ಲಿ ಬೆಸುಗೆ ಹೀರುವ ಪುಟ್ಟ ಪಂಪು ಹಿಡಿದು ಎಳೆದುಬಿಡುತ್ತಾಳೆ. ಜೀನ್ಸಿನಲ್ಲೂ ಅಷ್ಟೇ, ಗಟ್ಟಿ ಹೊಲಿಗೆಯನ್ನು ಜಗ್ಗಿದರೆ ಬಟ್ಟೆ ಹೋಗುತ್ತದೆ, ಮೊದಲು ಸಡಿಲ ಮಾಡಬೇಕು.

ತಪ್ಪು ನಡೆದದ್ದು ಹೊಸ ಸ್ವಿಚ್ಚು ತರಿಸುವಾಗ. ಟಕ್ ಅನ್ನುವವು, ಸದ್ದಿಲ್ಲದವು, ಎರಡೂ ಜಾತಿ ಸಿಗುತ್ತಿದ್ದವು. ಪಂಪಾವತಿಗೆ ತನ್ನ ತಗಡಿನ ಚಾವಣಿ ನೆನಪಾಯಿತು. ದಿನವಿಡೀ ಕಿವಿಯ ಹತ್ತಿರ ಟಕಟಕ. ಪಾಪ, ಈ ಮನುಷ್ಯನ ಕಿವಿಯಾದರೂ ಉಳಿಯಲಿ ಎಂದು, ಯಾರನ್ನೂ ಕೇಳದೆ, ಸದ್ದಿಲ್ಲದವನ್ನೇ ತರಿಸಿ ಹಾಕಿದಳು. ಅವಳ ಜೀವನದಲ್ಲಿ ಇಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಗಳು ಕಡಿಮೆ. ಮಾಡಿದ ಒಂದೂ ಕೈ ಹಿಡಿಯಲಿಲ್ಲ.

ಕೀಬೋರ್ಡ್ ವಾಪಸ್ ಕೊಟ್ಟ ಒಂಬತ್ತನೇ ದಿನ ಚಿನ್ನಪ್ಪನ ಮೆಸೇಜ್ ಬಂತು: "ಅಕ್ಕ, ಮಾನ ಹೋಯಿತು. ಬಂದು ನೋಡು." ಕೆಳಗೆ ಒಂದು ಅರ್ಜಿಯ ಫೋಟೊ. ಊರಮ್ಮ ಎಂಬಾಕೆ ಓಣಿಗೆ ಅಡ್ಡ ಗೋಡೆ ಕಟ್ಟಿದ ಪಕ್ಕದ ಮನೆಯವರ ಮೇಲೆ ಕೊಟ್ಟ ದೂರು ಅದು. "ಸದರಿ ಗೋಡೆಯಿಂದಾಗಿ ನನ್ನ ಗಂಡನು ಸುತ್ತುಹಾಕಿ ಬರಬೇಕಾಗಿದ್ದು, ಎರಡು ತಿಂಗಳಿಂದ ಹಾಲು ಕೊಡುವುದನ್ನು ನಿಲ್ಲಿಸಿರುತ್ತಾನೆ. ಎಮ್ಮೆಯು ಮೊಣಕಾಲು ನೋವಿನಿಂದ ಬಳಲುತ್ತಿದ್ದು, ಈ ಬಗ್ಗೆ ಪಂಚಾಯಿತಿಗೆ ಮೂರು ಸಲ ಖುದ್ದಾಗಿ ಹೋಗಿ ಸಹಿ ಮಾಡಿರುತ್ತದೆ." ಗುಮಾಸ್ತ ಇದನ್ನು ಇಡೀ ಕಚೇರಿಗೆ ಓದಿ ಹೇಳಿದ್ದನಂತೆ. ಊರಮ್ಮನ ಗಂಡ ಅಂದಿನಿಂದ ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದಾನೆ.

ಕುಡಿದು ಟೈಪ್ ಮಾಡಿ ತಪ್ಪನ್ನು ಸ್ವಿಚ್ಚಿನ ಮೇಲೆ ಹಾಕುತ್ತಾನೆ ಎಂದುಕೊಂಡು ಪಂಪಾವತಿ ಜಗಳಕ್ಕೆ ಸೆರಗು ಸಿಕ್ಕಿಸಿಯೇ ಕುರುಗೋಡಿನ ಬಸ್ಸು ಹತ್ತಿದಳು.

ಅಲ್ಲಿ ಊರಮ್ಮ ಹೊಸದಾಗಿ ಅರ್ಜಿ ಬರೆಸುತ್ತ ಕೂತಿದ್ದಳು. ಚಿನ್ನಪ್ಪ ಟೈಪ್ ಮಾಡುವಾಗ ತಲೆ ಎತ್ತುವುದಿಲ್ಲ. ಊರಮ್ಮ ಒಂದು ಮಾತು ಹೇಳಿ ನಿಲ್ಲಿಸಿದಳು, ಕತ್ತು ವಾರೆ ಮಾಡಿ ಕಾದಳು, ಅವನು ಶುರುವೇ ಮಾಡಿಲ್ಲ ಎಂದುಕೊಂಡು ಅದನ್ನೇ ಬೇರೆ ಥರ ಹೇಳಿದಳು. ಮುಗಿಸಿದನೋ ಇಲ್ಲವೋ ತಿಳಿಯದೆ ಗಂಡನ ಮಾತಿನ ನಡುವೆ ಎಮ್ಮೆಯನ್ನು ನುಗ್ಗಿಸಿದಳು. ಅವನು ಎಲ್ಲವನ್ನೂ ನಿಷ್ಠೆಯಿಂದ ಒತ್ತುತ್ತಲೇ ಇದ್ದ.

"ಮೊದ್ಲು ಟಕಟಕ ನಿಂತ ಮ್ಯಾಲೆ ಮುಂದಿನ ಮಾತು ಹೇಳ್ತಿದ್ವಿ. ಈಗ ಈತ ಬರಿಯಾಕ ಹತ್ಯಾನೋ, ಸುಮ್ನ ಬೆರಳು ಆಡಿಸ್ತಾನೋ ಒಂದೂ ತಿಳಿವಲ್ದು" ಎಂದು ಊರಮ್ಮ ಪಂಪಾವತಿಗೆ ಹೇಳಿದಳು.

ಪಂಪಾವತಿಯ ಜಗಳ ಅಲ್ಲೇ ಇಳಿಯಿತು. ಎದುರಿನವರು ಮುಗಿಸಿದರೋ ಇಲ್ಲವೋ ತಿಳಿಯದೆ, ಮುಖ ಮುಖ ನೋಡುತ್ತ, ಅಂದಾಜಿನ ಮೇಲೆ ಬಾಯಿ ಹಾಕುವುದು ಅವಳಿಗೆ ಹೊಸದೇನೂ ಅಲ್ಲ. ಅದನ್ನು ಕುರುಗೋಡಿನ ಅರ್ಜಿದಾರರಿಗೆಲ್ಲ ತಾನೇ ಹಂಚಿಬಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಕೊಡು ಇಲ್ಲಿ, ಮೊದ್ಲಿನಂಥವೇ ಹಾಕ್ತೀನಿ" ಎಂದಳು.

ಚಿನ್ನಪ್ಪ ವೈರು ಸುತ್ತಿ ಕೊಟ್ಟ. "ಸೋಮವಾರ ಬೇಕಕ್ಕ. ಒಂದೊಂದೂ ಟಕ್ ಅನ್ನಬೇಕು. ನೀನೇ ಕಿವಿಯಾರೆ ಕೇಳಿ ತಗೊಂಬಾ. ಇನ್ನೊಂದು ಸಲ ಹಿಂಗಾದ್ರ ನಾ ಟೇಬಲ್ ಎತ್ತಬೇಕಾಗ್ತೈತಿ."

"ಹೂಂ" ಎಂದಳು. ಕೀಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು.

ಮತ್ತೆ ಎಂಬತ್ತೇಳು. ಒಮ್ಮೆ ಕಾದ ಉಂಗುರಗಳನ್ನು ಎರಡನೇ ಸಲ ಕಾಯಿಸುವುದೆಂದರೆ ಹುಣ್ಣಿನ ಮೇಲೆ ಕೈಯಿಟ್ಟ ಹಾಗೆ. ಎರಡು ದಿನ ಉಸಿರು ಬಿಗಿಹಿಡಿದು ಕೂತಳು. ಒಂದೂ ಏಳಲಿಲ್ಲ. ಸದ್ದಿನ ಹೊಸ ಸ್ವಿಚ್ಚು ಕೂರಿಸಿ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒತ್ತಿದಾಗ ಎಂಬತ್ತೇಳೂ ಕೆಲಸ ಮಾಡಿದವು. ಬೇರೆಯವರಾಗಿದ್ದರೆ ಅಲ್ಲಿಗೆ ಚಹಾ ಹೇಳುತ್ತಿದ್ದರು.

ಆದರೆ ಅಕ್ಷರ ಬಿದ್ದ ಮಾತ್ರಕ್ಕೆ ಸದ್ದು ಬಂತು ಅಂತಲ್ಲ. ಒಳಗಿನ ಎಳೆಯಷ್ಟು ತಂತಿ ಸೊಟ್ಟಗಿದ್ದರೆ ಬೆರಳಿಗೆ ಎಲ್ಲ ಸರಿಯಿರುತ್ತದೆ, ಟಕ್ ಒಂದು ಬರುವುದಿಲ್ಲ. ಪಂಪಾವತಿ ಕೀಬೋರ್ಡಿಗೆ ಕಿವಿ ಹಚ್ಚಿ ಒತ್ತಿದಳು. ಹಲ್ಲಿಗೆ ಹಚ್ಚಿಯೂ ಒತ್ತಿದಳು. ಏನೂ ತಿಳಿಯಲಿಲ್ಲ. ಮಾರನೇ ದಿನ ಸೋಮವಾರ. ಹಾಗೇ ಕೊಟ್ಟು ನಾಲ್ಕು ಕೀ ಮೂಕವಾಗಿದ್ದರೆ ಚಿನ್ನಪ್ಪನ ಟೇಬಲ್ ಹೋಗುತ್ತದೆ. ಯಾರನ್ನಾದರೂ ಕೇಳಿದರೆ ತನ್ನ ಗುಟ್ಟು ಹೋಗುತ್ತದೆ. ಕೇಳಬಹುದಾಗಿದ್ದ ಕಿವಿ ಪಕ್ಕದಲ್ಲಿ ಇದ್ದದ್ದೂ ಒಂದೇ, ಅದೂ ಯರ್ರಿಸ್ವಾಮಿಯದು. ಅವನಿಗೆ ಹೇಳುವುದೂ ಟಾಂಟಾಂ ಹೊಡೆಸುವುದೂ ಎರಡೂ ಒಂದೇ.

ಅರ್ಧ ಗಂಟೆ ಕೂತಳು. ಆಮೇಲೆ ಕೀಬೋರ್ಡನ್ನು ಕೌಂಟರಿನ ಮೇಲೆ ಅವನ ಕಡೆಗೆ ತಳ್ಳಿದಳು.

"ಯರ್ರಿ, ಒಂದೊಂದೇ ಒತ್ತು. ಯಾವ್ದು ಟಕ್ ಅನ್ನಂಗಿಲ್ಲ, ಹೇಳು."

"ಯಾಕ, ನಿನ್ನ ಕೈಗೇನಾತು?"

"ಕೈಗೇನಾಗಿಲ್ಲ. ಕಿವಿ ಕೇಳಂಗಿಲ್ಲ."

ಯರ್ರಿಸ್ವಾಮಿ ಅವಳನ್ನೊಮ್ಮೆ, ಕೀಬೋರ್ಡನ್ನೊಮ್ಮೆ ನೋಡಿದ. ಸ್ಟೂಲ್ ಎಳೆದುಕೊಂಡು, ತಲೆ ಬಗ್ಗಿಸಿ, ಎಂಬತ್ತೇಳನ್ನೂ ಒಂದೊಂದಾಗಿ ಒತ್ತಿದ. ಮೂರು ಕೀ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟ. ಅದರಲ್ಲಿ ಎಫ್ ಕೂಡ ಇತ್ತು.

"ಎಷ್ಟು ವರ್ಷಾತು?" ಎಂದು ಅವಳ ಕಡೆ ಪೂರ್ತಿ ತಿರುಗಿ ಕೇಳಿದ.

"ಇಲ್ಲಿಗೆ ಬರೋಕಿಂತ ಮುಂಚಿಂದ."

ಅವನು ಲೆಕ್ಕ ಹಾಕಿದ. ಮುಖ ನಿಧಾನಕ್ಕೆ ಸಣ್ಣದಾಯಿತು. "ಅಂದ್ರ ಆರು ವರ್ಷದಿಂದ ನಾ ಹೇಳಿದ ಜೋಕಿಗೆಲ್ಲ ಹೊಟ್ಟಿ ಹಿಡ್ಕಂಡು ನಗ್ತಿದ್ದ್ಯಲ್ಲಕ್ಕ? ಈ ಗಲ್ಲ್ಯಾಗ ನಗತಿದ್ದಾಕಿ ನೀ ಒಬ್ಬಾಕಿ."

"ನೀ ಅತ್ತ ಕಡೆ ಮಾರಿ ಮಾಡಿ ಹೇಳ್ತಿದ್ದಿ. ನಿನ್ನ ಭುಜ ಕುಣಿಯೋದು ನಿಂತ ಮ್ಯಾಲೆ ನಾ ನಗ್ತಿದ್ದೆ."

ಕಿವುಡುತನದ ವಿಷಯ ಅವನಿಗೆ ದೊಡ್ಡದೆನಿಸಲೇ ಇಲ್ಲ. ಅವನಿಗೆ ಆದ ನೋವು ಬೇರೆಯದೇ. ಎದ್ದು ನಿಂತ, ಶರ್ಟ್ ಸರಿಮಾಡಿಕೊಂಡ, ಅವಳ ಎದುರಿಗೆ ಬಂದು, ಬೆಳಕಿಗೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ, ತನ್ನ ಜೋಕುಗಳಲ್ಲೇ ಒಳ್ಳೆಯದನ್ನು ಆರಿಸಿ ಮೊದಲಿಂದ ಹೇಳಿದ. ಒಬ್ಬ ಮಾವ, ಒಬ್ಬ ಅಳಿಯ, ಒಂದು ಪಂಪ್‌ಸೆಟ್ಟು. ಪಂಪಾವತಿ ಕಣ್ಣು ಕದಲಿಸದೆ ಕೊನೆಯ ತನಕ ಓದಿದಳು. ಅವನು ನಿಲ್ಲಿಸಿ ಕಾದ.

"ಇದ್ರಾಗ ನಗೋದು ಎಲ್ಲೈತಿ ಯರ್ರಿ?" ಎಂದು ಕೇಳಿ, ಕಡ್ಡಿ ಕಾಯಲು ಇಟ್ಟು, ಎಫ್ ಬಿಚ್ಚತೊಡಗಿದಳು.