ಮಸಾಯಿ ಮಾರಾದಲ್ಲಿ ಬಯಲಕಡೆ

ಕುಷ್ಟಗಿಯಲ್ಲಿ ನಮ್ಮದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದಲ್ಲ, ಹುಳಕ್ಕೆ ಹೊಡೆಯುವುದು. ಒಳ್ಳೆಯ ವ್ಯಾಪಾರ ಮಾಡಿದ ಅಂಗಡಿಯವರನ್ನು ಬೀಜದ ಕಂಪನಿಯೊಂದು ವರ್ಷಕ್ಕೊಮ್ಮೆ ಹೊರದೇಶಕ್ಕೆ ಕರೆದೊಯ್ಯುತ್ತದೆ. ಮೊದಲೆಲ್ಲ ಗಂಡಸರಷ್ಟೇ ಥಾಯ್ಲೆಂಡಿಗೆ ಹೋಗಿ, ಗುಡಿ ನೋಡಿಕೊಂಡು ಬಂದೆವು ಎನ್ನುತ್ತಿದ್ದರು. ಯಾವ ದೇವರ ಗುಡಿ ಎಂದು ಕೇಳಿದರೆ ನಮ್ಮವರು ಪೇಪರ್ ಬಿಡಿಸಿ ಓದಲು ಕೂರುತ್ತಿದ್ದರು. ಒಂದು ವರ್ಷ ಕಂಪನಿಯವರಿಗೆ ಏನು ಜ್ಞಾನೋದಯವಾಯಿತೋ, ಈ ಸಲ ಆಫ್ರಿಕಾ ಸಫಾರಿ, ಹೆಂಡಂದಿರನ್ನೂ ಕರೆತನ್ನಿ ಎಂದರು. ನಮ್ಮವರ ಮುಖ ಸಪ್ಪಗಾಯಿತು. ನಾನು ಅದನ್ನು ಗಮನಿಸದವಳಂತೆ ಚೀಲ ತುಂಬತೊಡಗಿದೆ.

ನಮ್ಮತ್ತೆಗೆ ಒಂದೇ ಚಿಂತೆ.

"ಸಿಂಹ ಅದಾವೇನ ಅಲ್ಲಿ?"

"ಅದನ್ನ ನೋಡಾಕ ಹೊಂಟೇವ್ರಿ ಅತ್ತಿ."

"ಹಂಗಾರ ಅಂಜಬ್ಯಾಡ. ಅದು ಹೇಮಗುಡ್ಡದ ದುರ್ಗವ್ವನ ವಾಹನ. ಏನೂ ಮಾಡಂಗಿಲ್ಲ," ಎಂದು ಅವರು ಸಿಂಹದ ಪರವಾಗಿ ಜಾಮೀನು ನಿಂತರು.

ಮಸಾಯಿ ಮಾರಾದಲ್ಲಿ ನಮ್ಮ ಜೀಪಿಗೆ ಬಂದವರು ಯಲಬುರ್ಗಾದಲ್ಲಿ ಇದೇ ವ್ಯಾಪಾರ ಮಾಡುವ ಗಂಡ ಹೆಂಡತಿ. ಆಕೆ ನನಗಿಂತ ದೊಡ್ಡವರು, ನನಗೆ ಮೊದಲ ದಿನವೇ ಅಕ್ಕ ಆದರು. ಅಕ್ಕನ ತೊಡೆಯ ಮೇಲೆ ಸದಾ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಒಗ್ಗರಣೆ ಹಾಕಿದ ಮಂಡಕ್ಕಿ. ಜೀಪಿನವರೆಲ್ಲ ಝೀಬ್ರಾ ಕಂಡು ಉಸಿರು ಬಿಗಿಹಿಡಿದರೆ ಅಕ್ಕ, "ಕತ್ತಿಗೆ ಯಾರೋ ಸಾಲಿ ಡ್ರೆಸ್ ಹಾಕ್ಯಾರ ನೋಡು ತಂಗಿ," ಎಂದರು. ಆಮೇಲೆ ನನಗೆ ಎಷ್ಟು ಝೀಬ್ರಾ ಕಂಡರೂ ಶಾಲೆ ಬಿಡುವ ಘಂಟೆಗೆ ಕಾಯುತ್ತಿರುವ ಕತ್ತೆಗಳಂತೆಯೇ ಕಂಡವು.

ಮರುದಿನ ಮಧ್ಯಾಹ್ನ ಸಿಂಹಿಣಿ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ನಾವೇ ಅದಕ್ಕೆ ಸಿಕ್ಕೆವು. ಸುತ್ತ ಎಲ್ಲಿಯೂ ಮರವಿರಲಿಲ್ಲ, ಬಿಸಿಲು ನಮ್ಮೂರಿನದೇ. ಅದು ಮರಿಗಳನ್ನು ಕಟ್ಟಿಕೊಂಡು ನೇರ ನಮ್ಮ ಜೀಪಿನ ಕಡೆ ನಡೆದು ಬಂತು, ಬಾಗಿಲ ಪಕ್ಕದ ನೆರಳಿನಲ್ಲಿ ಧೊಪ್ಪೆಂದು ಬಿದ್ದುಕೊಂಡಿತು. ಮರಿಗಳು ಗಾಲಿಗಳ ನಡುವೆ ನುಸುಳಿದವು. ಡ್ರೈವರ್ ಎಂಜಿನ್ ಆರಿಸಿ ಬೆರಳು ಬಾಯಿಗಿಟ್ಟು ನಮ್ಮನ್ನು ಸುಮ್ಮನಿರಿಸಿದ. ಫೋಟೊ ತೆಗೆದೆವು. ಆಕಳಿಸುವಾಗ ಒಂದು, ತಿರುಗಿ ಮಲಗಿದಾಗ ಒಂದು. ಆಮೇಲೆ ತೆಗೆಯಲು ಏನೂ ಉಳಿಯಲಿಲ್ಲ. ಕಾಡಿನ ರಾಣಿ ಗೊರಕೆ ಹೊಡೆಯತೊಡಗಿತು.

ಆಗ ನಮ್ಮವರು ನನ್ನ ಕಿವಿಯ ಹತ್ತಿರ ಬಂದರು.

"ಏ, ಬರಾಕತ್ತೈತಿ."

"ಏನ್ರೀ, ಇನ್ನೊಂದು ಸಿಂಹ?"

"ಸಿಂಹ ಅಲ್ಲ. ಒಂದಕ್ಕ."

ನಮ್ಮವರಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತಿಗೆ ಬಿಟ್ಟಿ ಸಿಕ್ಕಿತೆಂದು ಗ್ಲಾಸಿನ ಮೇಲೆ ಗ್ಲಾಸು ಜ್ಯೂಸ್ ಕುಡಿದಿದ್ದರು. ಅವರೇ ಡ್ರೈವರನ ಭುಜ ತಟ್ಟಿ, "ಮೈ ಶುಗರ್. ಅರ್ಜೆಂಟ್," ಎಂದರು. ಡ್ರೈವರ್ ಪಾಪ, ಸಕ್ಕರೆ ಇಳಿದಿದೆ ಎಂದುಕೊಂಡು ಜೇಬಿನಿಂದ ಚಾಕೊಲೇಟ್ ತೆಗೆದುಕೊಟ್ಟ. ನಮ್ಮವರು ಅದನ್ನು ಹಿಡಿದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತರು. ಕೊನೆಗೆ ನಾನೇ ಕಿರುಬೆರಳು ಎತ್ತಿ ತೋರಿಸಿದೆ. ಡ್ರೈವರನಿಗೆ ತಕ್ಷಣ ತಿಳಿಯಿತು. ಮರಿಗಳು ಗಾಲಿಯ ಬುಡದಲ್ಲಿವೆ, ಗಾಡಿ ಅಲುಗಿಸುವಂತಿಲ್ಲ, ಕೆಳಗಿಳಿಯುವ ಮಾತಂತೂ ಇಲ್ಲವೇ ಇಲ್ಲ ಎಂದ. ನಮ್ಮವರ ಕಣ್ಣು ಕಿಟಕಿಯ ಕಡೆ ಹೋದದ್ದು ನೋಡಿ, ದಯವಿಟ್ಟು ಅಲ್ಲಿಯೂ ಬೇಡ, ಕೆಳಗೆ ಅವಳ ತಲೆಯಿದೆ ಎಂದ.

"ಕಂಪನಿ ಸಾಹೇಬ್ರಿಗೆ ಫೋನ್ ಹಚ್ರಿ," ಎಂದರು ಅಕ್ಕನ ಯಜಮಾನರು.

"ಅವ್ರು ಬಂದು ಏನ್ ಹಿಡ್ಕೊಳ್ಳಾವ್ರು?" ಎಂದು ಅಕ್ಕ ಗಂಡನ ಬಾಯಿ ಮುಚ್ಚಿಸಿದರು. ಆಮೇಲೆ ತೊಡೆಯ ಮೇಲಿದ್ದ ಡಬ್ಬಿಯನ್ನೊಮ್ಮೆ, ಬೆವೆತು ಕೂತ ನಮ್ಮವರನ್ನೊಮ್ಮೆ ನೋಡಿದರು. ಟವೆಲ್ ಹಾಸಿ ಮಂಡಕ್ಕಿಯನ್ನೆಲ್ಲ ಅದಕ್ಕೆ ಸುರಿದು, ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟರು.

ನಾವೆಲ್ಲ ಆ ಕಡೆ ಮುಖ ಮಾಡಿದೆವು. ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಬೀಳುವ ಸದ್ದು ಅಷ್ಟು ದೊಡ್ಡದಿರುತ್ತದೆಂದು ಯಾರಿಗೆ ಗೊತ್ತಿತ್ತು? ಗೊರಕೆ ನಿಂತಿತು. ಸಿಂಹಿಣಿ ಕಿವಿ ನಿಮಿರಿಸಿ ತಲೆಯೆತ್ತಿ ನೋಡಿತು. ಇಲ್ಲಿ ನಮ್ಮವರದೂ ನಿಂತಿತು.

"ನಿಂದರಸಬ್ಯಾಡ್ರಿ, ಮುಗಿಸಿಬಿಡ್ರಿ," ಎಂದೆ ಪಿಸುಮಾತಿನಲ್ಲಿ.

"ಅದು ನೋಡಾಕತ್ತೈತಿ!"

"ನೋಡಲಿ ಬಿಡ್ರಿ. ನಿಮ್ದೇನು ಅಂಥಾ ನೋಡೂವಂಥಾದ್ದೈತಿ?"

ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡತೊಡಗಿದರು. ಸಿಂಹಿಣಿಗೂ ಅದೇ ಅನ್ನಿಸಿರಬೇಕು, ಮತ್ತೆ ತಲೆ ಕೆಳಗಿಟ್ಟಿತು. ಕೆಲಸ ಮುಗಿಯಿತು. ಅಕ್ಕನ ಯಜಮಾನರೂ ಡಬ್ಬಿ ಇಸಿದುಕೊಂಡು ತಮ್ಮದನ್ನೂ ಮುಗಿಸಿದರು. ಮುಚ್ಚಳ ಬಿಗಿಯಾಗಿ ಹಾಕಿ ಸೀಟಿನ ಕೆಳಗೆ ಇಟ್ಟೆವು. ಟವೆಲಿನ ಮಂಡಕ್ಕಿಯನ್ನು ಏನು ಮಾಡುವುದು? ತಿಂದೆವು. ಡ್ರೈವರನಿಗೂ ಕೊಟ್ಟೆವು. ಅವನು ಹಸಿಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತುಂಬಿಕೊಂಡರೂ ಸಿಂಹಿಣಿಗೆ ಅಂಜಿ ಸದ್ದು ಮಾಡದೆ ನುಂಗಿದ.

ನೆರಳು ಸರಿದ ಮೇಲೆ ಅದು ಎದ್ದು, ಮೈ ಮುರಿದು, ಮರಿಗಳನ್ನು ಕರೆದುಕೊಂಡು ದೂರ ನಿಂತಿದ್ದ ಇನ್ನೊಂದು ಜೀಪಿನ ಕಡೆ ಹೋಯಿತು. ಗಂಡಸರಿಬ್ಬರೂ ಹಗುರಾಗಿ, ಸಿಂಹಿಣಿಯ ಹಲ್ಲಿನ ಉದ್ದ ಎಷ್ಟೆಂದು ಜಗಳಾಡತೊಡಗಿದರು. ಅಕ್ಕ ನನ್ನ ಕಡೆ ಬಾಗಿ, "ಗಂಡಸ್ರದಾತು. ನಮ್ದು?" ಎಂದರು. ನಾನೂ ಆಗಿನಿಂದ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಡಬ್ಬಿ ಒಂದೇ ಇತ್ತು, ಅದೂ ತುಂಬಿತ್ತು. ಖಾಲಿ ಇದ್ದರೂ ಅದು ನಮ್ಮ ಕೆಲಸಕ್ಕೆ ಬರುವಂಥದ್ದಲ್ಲ.

ನಾನು ಮತ್ತೆ ಕಿರುಬೆರಳು ಎತ್ತಿದೆ. ಡ್ರೈವರ್ ಅಷ್ಟು ದೂರ ಹೋಗಿ, ಮುಳ್ಳುಗಿಡಗಳ ಪಕ್ಕದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಸುತ್ತ ದುರ್ಬೀನು ಹಾಕಿ ನೋಡಿ, ಗಾಡಿಯ ಹಿಂದೆಯೇ ಹೋಗಿ ಬೇಗ ಬನ್ನಿ ಎಂದು ತನ್ನ ಕೆಂಪು ಚೌಕಳಿ ಕಂಬಳಿ ಕೊಟ್ಟು ಮುಖ ತಿರುಗಿಸಿಕೊಂಡ. ಒಬ್ಬರು ಕೂತಾಗ ಒಬ್ಬರು ಮರೆ ಹಿಡಿಯುವುದೆಂದು ಮಾತಾಗಿತ್ತು, ಆದರೆ ಇಬ್ಬರಿಗೂ ತಡೆಯಲಾಗಲಿಲ್ಲ. ಕಂಬಳಿಯನ್ನು ಗಾಡಿಯ ಬಂಪರಿಗೆ ಸಿಕ್ಕಿಸಿ ಇಬ್ಬರೂ ಕೂತೆವು.

ಅಳವಂಡಿಯ ನನ್ನ ತವರಿನಲ್ಲಿ ಆಗ ಪಾಯಖಾನೆ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಓಣಿಯ ಹೆಂಗಸರೆಲ್ಲ ಚರಿಗೆ ಹಿಡಿದು ರಸ್ತೆ ಬದಿಗೆ ಹೋಗುತ್ತಿದ್ದೆವು. ಯಾರಿಗೆ ವರ ನೋಡಿದರು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಅಲ್ಲಿಯೇ ತಿಳಿಯುತ್ತಿತ್ತು. ಗಾಡಿಯ ಲೈಟು ಬಿದ್ದರೆ ಸಾಲಾಗಿ ಎದ್ದು ನಿಲ್ಲುವುದು, ಹೋದ ಮೇಲೆ ಮತ್ತೆ ಕೂರುವುದು. ಅದು ಎಷ್ಟು ರೂಢಿಯಾಗಿತ್ತೆಂದರೆ ಏಳುವಾಗಲೂ ಕೂರುವಾಗಲೂ ಮಾತು ನಿಲ್ಲುತ್ತಿರಲಿಲ್ಲ.

ಅಕ್ಕನದೂ ಅದೇ ರೂಢಿ ಇರಬೇಕು. ಯಾಕೆಂದರೆ ಮುಳ್ಳುಗಿಡಗಳ ಮೇಲಿಂದ ಉದ್ದ ರೆಪ್ಪೆಯ ಮುಖವೊಂದು ಸೊಪ್ಪು ಜಗಿಯುತ್ತ ಕಾಣಿಸಿದ್ದೇ ತಡ, ಇಬ್ಬರೂ ಒಟ್ಟಿಗೆ ಎದ್ದು ನಿಂತುಬಿಟ್ಟೆವು. ಜಿರಾಫೆ! ಅದು ಹೋಗಲಿಲ್ಲ. ನಮ್ಮ ಮರೆಯ ಮೇಲಿಂದ ಸಾವಕಾಶ ನೋಡುತ್ತ ನಿಂತಿತು.

"ಇದೇನ ಹೋಗೂ ಗಿರಾಕಿ ಅಲ್ಲ. ಕುಂದ್ರು ತಂಗಿ," ಎಂದರು ಅಕ್ಕ.

ಕೂತೆವು. ನಗುವಿಗೆ ಕಣ್ಣಲ್ಲಿ ನೀರು ಬಂತು. ಗಾಡಿಯ ಆ ಕಡೆಯಿಂದ ನಮ್ಮವರು, "ಏನಾತು? ಏನ ಬಂತು?" ಎಂದು ಗಾಬರಿಯಿಂದ ಕೂಗುತ್ತಿದ್ದರು. ಅದನ್ನು ಕೇಳಿ ನಗು ಇನ್ನೂ ಹೆಚ್ಚಾಯಿತು. ಸಂಜೆ ಆನೆಯ ಹಿಂಡು ಸಿಕ್ಕಿತಂತೆ. ನಾನು ಅಕ್ಕನ ಭುಜಕ್ಕೆ ಮುಖ ಒತ್ತಿ ನಗುತ್ತಿದ್ದೆ, ಸರಿಯಾಗಿ ನೋಡಲಿಲ್ಲ.

ಊರಿಗೆ ಬಂದ ಮೇಲೆ ಅಂಗಡಿಯಲ್ಲಿ ನಮ್ಮವರು, ಸಿಂಹಿಣಿಯ ಪಕ್ಕ ಎದೆಗುಂದದೆ ಕೂತದ್ದನ್ನು ರೈತರಿಗೆ ಹೇಳುತ್ತಿದ್ದರು. ಡಬ್ಬಿಯ ಸಂಗತಿ ಅದರಲ್ಲಿ ಇರಲಿಲ್ಲ. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆಗೂ ನಾದಿನಿಗೂ ಎಲ್ಲ ಹೇಳಿದೆ. ನಾದಿನಿ ನೆಲಕ್ಕೆ ಬಿದ್ದು ನಕ್ಕಳು. ಅತ್ತೆ ಮಾತ್ರ ಗಂಭೀರವಾಗಿ ಕೇಳಿಸಿಕೊಂಡರು.

"ಇಮಾನ ಹತ್ತಿ ಅಷ್ಟು ದೂರ ಹೋಗಿ ಬೈಲಕಡಿ ಕುಂತು ಬಂದ್ಯಾ ನಮ್ಮವ್ವ?"

"ಹೂಂನ್ರಿ."

ಅವರು ಒಲೆಗೆ ಕಟ್ಟಿಗೆ ಸರಿಸಿದರು. "ನಿಮ್ಮನ್ನ ನೋಡಿದ್ದು ಹೆಣ್ಣ ಜಿರಾಫಿ ಇದ್ದೀತು ಬಿಡು," ಎಂದರು.