ಬೆನ್ನ ಹಿಂದಿನ ಉಬ್ಬರ

2006ರಲ್ಲಿ ನಾನು ದೆಹಲಿಯ ಒಂದು ಸಣ್ಣ ಪ್ರವಾಸ ಸಂಸ್ಥೆಯಲ್ಲಿ ನೇಚರ್ ಗೈಡ್ ಆಗಿದ್ದೆ. ಕರೋಲ್ ಬಾಗ್‌ನಲ್ಲಿ ಸೀರೆ ಅಂಗಡಿಯೊಂದರ ಮೇಲಿದ್ದ ಎರಡು ಕೋಣೆಗಳೇ ನಮ್ಮ ಕಚೇರಿ. ಭಾನುವಾರಗಳಲ್ಲಿ ಗುಡಗಾಂವ್‌ನ ಆಚೆಗಿನ ಕೆರೆಗಳಿಗೋ ಯಮುನೆಯ ದಂಡೆಗೋ ಜನರನ್ನು ಕರೆದೊಯ್ದು ಹಕ್ಕಿ ತೋರಿಸುವುದು ವರ್ಷವಿಡೀ ಇದ್ದ ಕೆಲಸ. ಚಳಿಗಾಲ ಬಂತೆಂದರೆ ದೂರದ ಪ್ರವಾಸಗಳು ಶುರುವಾಗುತ್ತಿದ್ದವು. ಅವುಗಳಲ್ಲಿ ಜನ ಮುಗಿಬಿದ್ದು ಬರುತ್ತಿದ್ದುದು ಕಚ್ಛ್‌ನ ಮರುಭೂಮಿ ಕರಾವಳಿಯ ಅರ್ಧ ದಿನದ ನಡಿಗೆಗೆ. ರೈಲಿನಲ್ಲಿ ಭುಜ್, ಅಲ್ಲಿಂದ ಜೀಪಿನಲ್ಲಿ ಕಡಲು. ಸೂರ್ಯ ಹುಟ್ಟುವಾಗ ನಡೆಯಲು ಶುರು ಮಾಡಿದರೆ ಊಟದ ಹೊತ್ತಿಗೆ ವಾಪಸ್.

ಆ ಜಾಗವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಒಂದು ಕಡೆ ಜಾಲಿ ಮುಳ್ಳಿನ ಬೋಳು ನೆಲ, ಇನ್ನೊಂದು ಕಡೆ ಕಡಲು. ಇಳಿತದ ಸಮಯದಲ್ಲಿ ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದು, ಸಪಾಟಾದ ಕೆಸರುಮರಳಿನ ಬಯಲು ತೆರೆದುಕೊಳ್ಳುತ್ತದೆ. ಅದರ ಮೇಲೆ ನಡೆದು ಹೋದರೆ ಫ್ಲೆಮಿಂಗೊ ಹಿಂಡುಗಳು, ಏಡಿಗಳು, ನಕ್ಷತ್ರ ಮೀನು, ಅದೃಷ್ಟವಿದ್ದರೆ ನೀರಿನಲ್ಲಿ ಈಜಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳನ್ನು ಮೇಯಲು ಹೋಗುವ ಒಂಟೆಗಳು ಸಿಗುತ್ತವೆ. ಆ ಬಯಲಿಗೂ ಗಟ್ಟಿ ನೆಲಕ್ಕೂ ನಡುವೆ ಒಂದು ಕ್ರೀಕ್ ಇತ್ತು. ಕ್ರೀಕ್ ಎಂದರೆ ಕಡಲಿನಿಂದ ಬಳುಕುತ್ತಾ ನೆಲದೊಳಕ್ಕೆ ಬಂದ ಕಾಲುವೆ. ಇಳಿತದಲ್ಲಿ ಅದರಲ್ಲಿ ಪಾದ ಮುಳುಗುವಷ್ಟೇ ನೀರು. ಅದನ್ನು ದಾಟಿ ಹೋಗಬೇಕು, ಅದನ್ನು ದಾಟಿಯೇ ಬರಬೇಕು.

ನಾನು ಬಿಜಾಪುರದವಳು. ಕಡಲನ್ನು ಮೊದಲು ಕಂಡದ್ದೇ ಕಾಲೇಜು ಮುಗಿದ ಮೇಲೆ. ಹಾಗಾಗಿ ಕಡಲಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಟೈಡ್ ಟೇಬಲ್, ಅಂದರೆ ಯಾವ ದಿನ ಎಷ್ಟು ಹೊತ್ತಿಗೆ ನೀರು ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬ ಪಟ್ಟಿ ನೋಡದೆ ನಾನು ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ.

ಆ ಡಿಸೆಂಬರ್‌ನಲ್ಲಿ ಬಂದ ತಂಡ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ನ ಕನ್ನಡಿಗರದ್ದು. ನಾಲ್ಕೈದು ಕುಟುಂಬ, ಎಲ್ಲರೂ ಕೇಂದ್ರ ಸರ್ಕಾರದ ನೌಕರರು, ಎಲ್‌ಟಿಸಿ ಮೇಲೆ ಹೊರಟವರು. ಕುಟುಂಬ ಸಮೇತ ಊರೂರು ನೋಡಿ ಬರಲು ಸರ್ಕಾರ ಕೊಡುವ ಪ್ರಯಾಣ ಖರ್ಚಿಗೆ ಎಲ್‌ಟಿಸಿ ಎನ್ನುತ್ತಾರೆ. ಅವರನ್ನೆಲ್ಲ ಒಟ್ಟು ಮಾಡಿದವರು ರಮಾನಂದ ಸರ್. ಸಚಿವಾಲಯವೊಂದರಲ್ಲಿ ಅಂಡರ್ ಸೆಕ್ರೆಟರಿ, ಮಾರ್ಚ್‌ನಲ್ಲಿ ನಿವೃತ್ತಿ. ಕುಮಟಾ ಹತ್ತಿರದ, ಅಘನಾಶಿನಿ ನದಿ ಕಡಲು ಸೇರುವ ದಂಡೆಯವರು. ಹೆಂಡತಿ ಸುಮತಿಯವರೂ ಅದೇ ನದಿಯ ಆಚೆ ದಂಡೆಯವರು. ಮೂವತ್ತು ವರ್ಷಗಳಿಂದ ದೆಹಲಿಯಲ್ಲಿದ್ದರೂ ಇಬ್ಬರ ಮಾತಿನಲ್ಲೂ ಆ ನೀರು ಹರಿಯುತ್ತಲೇ ಇತ್ತು.

ಹೊರಡುವ ಮುಂಚಿನ ಭಾನುವಾರ ಅವರ ಮನೆಯಲ್ಲೇ ಎಲ್ಲರನ್ನೂ ಕೂರಿಸಿ ಬ್ರೀಫಿಂಗ್ ಮಾಡಿದೆ. ಉಪ್ಪಿಟ್ಟು, ಕಾಫಿ, ಮಕ್ಕಳ ಗಲಾಟೆ. ನಮ್ಮ ಕಸುಬಿನಲ್ಲಿ ಎಲ್ಲ ಗೈಡ್‌ಗಳೂ ಕೇಳುತ್ತಿದ್ದ ಪ್ರಶ್ನೆಯನ್ನು ನಾನೂ ಕೇಳಿದೆ: "ಈಜು ಬರದವರು ಯಾರು? ಕಡಲು ನೋಡದವರು ಯಾರು?" ಕೈ ಎತ್ತಿದವರನ್ನು ಗುರುತಿಟ್ಟುಕೊಂಡೆ. ಅವರು ನಡಿಗೆಯಲ್ಲಿ ನನ್ನ ಪಕ್ಕದಲ್ಲೇ ಇರಬೇಕು ಎಂಬುದು ನಿಯಮ.

ರಮಾನಂದ ಸರ್ ಕಾಫಿ ಲೋಟ ಹಿಡಿದು ನಕ್ಕರು. "ನಮ್ಮನ್ನ ಕೇಳಬೇಡ ತಂಗಿ. ನಾವು ನಡೆಯೋಕೆ ಮೊದಲು ಈಜೋಕೆ ಕಲಿತವರು. ಬಿಜಾಪುರದವರು ನಮಗೆ ಕಡಲು ಹೇಳಿಕೊಡೋದು ಅಂದ್ರೆ!"

"ಬಿಜಾಪುರದೋರಿಗೆ ನೀರಿನ ಬೆಲೆ ಗೊತ್ತೈತ್ರಿ ಸರ" ಎಂದೆ. ಎಲ್ಲರೂ ನಕ್ಕರು.

ಸುಮತಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಅಲ್ಲಿ ಬಳಚು ಸಿಗ್ತದಾ?" ಎಂದು ಕೇಳಿದರು. ಬಳಚು ಎಂದರೆ ಕೆಸರಿನೊಳಗೆ ಹುದುಗಿರುವ ಚಿಪ್ಪು ಜೀವಿ. ಅವರ ಊರಿನಲ್ಲಿ ಇಳಿತದ ಹೊತ್ತಿಗೆ ಮನೆಮಂದಿಯೆಲ್ಲ ನದಿಗೆ ಇಳಿದು, ಕೈಯಿಂದ ಕೆದಕಿ ಬುಟ್ಟಿ ತುಂಬಿಸುತ್ತಾರೆ. "ಐಎನ್‌ಎ ಮಾರ್ಕೆಟ್‌ನಲ್ಲಿ ಎಂಥೆಂಥ ಮೀನೋ ಬರ್ತದೆ. ಬಳಚು ಮಾತ್ರ ಕಾಣೋದಿಲ್ಲ. ಭಯ್ಯಾನ ಕೇಳಿದ್ರೆ ನಂಗೇ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡ್ತಾನೆ."

"ಅಂಥದೊಂದು ಅಲ್ಲೂ ಇದೆ. ಆದರೆ ಏನನ್ನೂ ಕೀಳೋ ಹಾಗಿಲ್ಲ, ನೋಡೋದಷ್ಟೇ" ಎಂದೆ. ಅವರು ತಲೆ ಆಡಿಸಿ ಒಳಗೆ ಹೋದರು.

ನಡಿಗೆಯ ಬೆಳಿಗ್ಗೆ ಚಳಿ ಇತ್ತು, ಗಾಳಿ ಇರಲಿಲ್ಲ. ಮುಂದೆ ನಾನು. ಹಿಂದೆ, ಕೊನೆಯವರ ಜೊತೆಗೆ, ಇಸ್ಮಾಯಿಲ್‌ಭಾಯಿ. ಆ ದಂಡೆಯಲ್ಲೇ ಒಂಟೆ ಮೇಯಿಸುವ ಅವರು ನಮ್ಮ ತಂಡಗಳಿಗೆಲ್ಲ ಸಹಾಯಕರಾಗಿರುತ್ತಿದ್ದರು. ಕ್ರೀಕ್ ದಾಟುವ ಮುಂಚೆ ಎಲ್ಲರಿಗೂ ಮತ್ತೆ ಹೇಳಿದೆ: ನಾನು ಮೂರು ಸಲ ಸೀಟಿ ಊದಿದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಬೇಕು. ಇಲ್ಲಿ ನೀರು ಎದುರಿನಿಂದ ಬರುವುದಿಲ್ಲ, ಮೊದಲು ಬೆನ್ನ ಹಿಂದಿನ ಕ್ರೀಕ್ ತುಂಬುತ್ತದೆ.

ಆ ಎರಡು ಗಂಟೆ ಚೆನ್ನಾಗಿತ್ತು. ಅದನ್ನೂ ಹೇಳಲೇಬೇಕು. ದೆಹಲಿಯಲ್ಲಿ ಫೈಲುಗಳ ನಡುವೆ ಬೆನ್ನು ಬಗ್ಗಿಸಿದ್ದ ಜನ ಪ್ಯಾಂಟು ಮಡಚಿಕೊಂಡು ಮಕ್ಕಳಾಗಿಬಿಟ್ಟರು. ಫ್ಲೆಮಿಂಗೊಗಳು ಎದ್ದಾಗ ಹುಡುಗಿಯೊಬ್ಬಳು "ಮಮ್ಮಿ, ದೇಖೋ, ಪಿಂಕ್ ಪಿಂಕ್!" ಎಂದು ಕಿರುಚಿದಳು. ರಮಾನಂದ ಸರ್ ಬಗ್ಗಿ ಬೆರಳಿಗೆ ಕೆಸರು ಹಚ್ಚಿಕೊಂಡು ಮೂಸಿದರು. "ಸುಮತಿ, ನೋಡು, ಅದೇ ವಾಸನೆ" ಎಂದರು. ಸುಮತಕ್ಕನೂ ಮೂಸಿದರು. ಗಂಡ ಹೆಂಡತಿ ಇಬ್ಬರೂ ಕೆಸರಿನ ಬೆರಳು ಮೂಗಿಗೆ ಹಿಡಿದು ನಿಂತದ್ದನ್ನು ನೋಡಿ ನನಗೆ ನಗು ಬಂತು.

ಹೊತ್ತಾದ ಕೂಡಲೇ ಸೀಟಿ ಊದಿದೆ. ಎಲ್ಲರೂ ತಿರುಗಿದರು. ಕ್ರೀಕ್ ಹತ್ತಿರ ಬಂದಾಗ ನೀರು ಮೀನಖಂಡ ಮುಟ್ಟುತ್ತಿತ್ತು. ಅಷ್ಟರಲ್ಲಿ ಆ ಪುಟ್ಟ ಹುಡುಗಿಯ ಕಾಲು ಕೆಸರಿನಲ್ಲಿ ಹೂತುಕೊಂಡು ಅವಳು ಅಳಲು ಶುರು ಮಾಡಿದಳು. ಹಿಂದಿನಿಂದ ರಮಾನಂದ ಸರ್ ಇಸ್ಮಾಯಿಲ್‌ಭಾಯಿಗೆ ಹೇಳಿದ್ದು ನನಗೆ ಕೇಳಿಸಿತು: "ಆಪ್ ಬಚ್ಚಿ ಕೋ ದೇಖೋ ಭಾಯ್, ಮೈ ಆ ರಹಾ ಹೂಂ." ಮಗುವನ್ನು ನೋಡಿಕೊಳ್ಳಿ, ನಾನು ಬರುತ್ತಿದ್ದೇನೆ ಎಂದು. ಇಸ್ಮಾಯಿಲ್‌ಭಾಯಿ ಓಡಿ ಬಂದು ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ನಾನು ನೀರಿನ ನಡುವೆ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸತೊಡಗಿದೆ.

ತಲೆ ಎತ್ತಿ ನೋಡಿದರೆ ರಮಾನಂದ ಸರ್ ಇನ್ನೂ ಬಯಲಿನ ಮೇಲೇ ಇದ್ದಾರೆ. ಕೂಗಿದರೆ ಕೇಳುವಷ್ಟು ದೂರ. ಬಗ್ಗಿಕೊಂಡು ಎರಡೂ ಕೈಗಳಿಂದ ಕೆಸರು ಕೆದಕುತ್ತಿದ್ದಾರೆ.

ಮತ್ತೆ ಸೀಟಿ ಊದಿದೆ. ಅವರು ಕೈ ಎತ್ತಿದರು. "ಬಂದೆ ಬಂದೆ! ಇನ್ನೂ ಟೈಮಿದೆ, ನೀರು ಅಲ್ಲೇ ಇದೆಯಲ್ಲ!" ಎಂದು ಕಡಲಿನತ್ತ ತೋರಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಎದುರಿಗೆ ಕಡಲು ಬಹುದೂರದಲ್ಲಿ ತೆಳ್ಳಗೆ ಹೊಳೆಯುತ್ತಿತ್ತು. ಅವರ ನದಿಯಲ್ಲಿ ಉಬ್ಬರ ಎದುರಿನಿಂದಲೇ ಬರುತ್ತದೆ. ಪಾದಕ್ಕೆ ಬಂತು, ಮೊಣಕಾಲಿಗೆ ಬಂತು ಎಂದು ಹೇಳಿಕೊಂಡೇ ಏರುತ್ತದೆ. ಬುಟ್ಟಿ ತುಂಬಿಸಿ ಹರಟೆ ಹೊಡೆಯುತ್ತಾ ದಡ ಸೇರಬಹುದು. ಆ ಕರಾವಳಿಯಲ್ಲಿ ನೀರು ಏರುವುದು ಇಳಿಯುವುದು ಎಲ್ಲ ಸೇರಿ ಎರಡು ಮೀಟರ್ ದಾಟುವುದೇ ಕಡಿಮೆ. ಕಚ್ಛ್ ಕೊಲ್ಲಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಐದಾರು ಮೀಟರ್. ಅವರು ನೋಡುತ್ತಿದ್ದುದು ಎದುರಿನ ನೀರನ್ನು. ಏರುತ್ತಿದ್ದುದು ಅವರ ಬೆನ್ನ ಹಿಂದೆ, ನನ್ನ ಕಾಲ ಕೆಳಗೆ.

ನನ್ನ ದೆಹಲಿಯ ಕನ್ನಡವೆಲ್ಲ ಹಾರಿಹೋಯಿತು. "ಸರಾ, ಬರ್ರೀ! ಹಿಂದ ನೀರು ಬಂದೈತಿ! ಬಿಟ್ಟು ಬರ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ನೀರು ತೊಡೆಗೆ ಬಂದಿತ್ತು. ನನ್ನ ಕೈಯಲ್ಲಿ ಈಜು ಬಾರದ ಮುದುಕಿಯೊಬ್ಬರು, ಅವರ ಇನ್ನೊಂದು ಕೈ ಹಿಡಿದು ಸುಮತಕ್ಕ, ಹಿಂದೆ ಇನ್ನೂ ಇಬ್ಬರು. ಲೀಡರ್ ಆದವರು ತಂಡವನ್ನು ಬಿಟ್ಟು ಯಾರೋ ಒಬ್ಬರ ಹಿಂದೆ ಹೋಗಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಪುಸ್ತಕದಲ್ಲಿ ಅದು ಒಂದು ಸಾಲು. ನೀರಿನ ನಡುವೆ ನಿಂತಾಗ ಅದೇ ಸಾಲು ಎದೆಯ ಮೇಲೆ ಕಲ್ಲು ಚಪ್ಪಡಿ ಇಟ್ಟಂತೆ. ನಾನು ಆ ನಾಲ್ವರನ್ನು ದಾಟಿಸಿದೆ. ಮಗುವನ್ನು ದಡಕ್ಕಿಳಿಸಿದ ಇಸ್ಮಾಯಿಲ್‌ಭಾಯಿ ಒಂಟೆ ತರಲು ಓಡಿದರು.

ಅಷ್ಟರಲ್ಲಿ ರಮಾನಂದ ಸರ್ ಕ್ರೀಕ್‌ನ ಆಚೆ ಅಂಚಿಗೆ ಬಂದಿದ್ದರು. ನೀರು ನೋಡಿ ಒಂದು ಕ್ಷಣ ನಿಂತರು. "ಅಲ್ಲೇ ಇರ್ರಿ, ಒಂಟೆ ಬರ್ತೈತಿ" ಎಂದು ಕೂಗಿದೆ. ಸುಮತಕ್ಕ ನನ್ನ ಪಕ್ಕದಲ್ಲಿ, "ಬೇಡ, ಬೇಡ, ಇಳೀಬೇಡಿ" ಎಂದು ಮೆಲ್ಲಗೆ, ತಮಗೇ ಎಂಬಂತೆ ಹೇಳುತ್ತಿದ್ದರು. ಅವರು ಹೆಂಡತಿಯತ್ತ ಕೈ ಬೀಸಿ ನೀರಿಗೆ ಇಳಿದರು.

ಚೆನ್ನಾಗಿ ಈಜಿದರು. ತೋಳು ಬೀಸುವ ರೀತಿಯಲ್ಲೇ ಊರಿನ ನದಿಯಲ್ಲಿ ಈಜಿ ಬೆಳೆದ ಹುಡುಗ ಕಾಣುತ್ತಿದ್ದ. ಆದರೆ ನೀರು ಮೈ ಕೊರೆಯುವಷ್ಟು ತಣ್ಣಗಿತ್ತು, ಸೆಳೆತ ಅಡ್ಡಕ್ಕಿತ್ತು. ಅದು ಅವರನ್ನು ಕಾಂಡ್ಲಾ ಗಿಡಗಳತ್ತ ಎಳೆದುಕೊಂಡು ಹೋಯಿತು. ಸುಮತಕ್ಕ ನೀರಿಗೆ ಧುಮುಕಲು ಹೋದರು. ನಾನು ಅವರನ್ನು ಸೊಂಟ ಹಿಡಿದು ಎಳೆದು ಕೂರಿಸಿದೆ. ನನ್ನ ಕೈ ಕಚ್ಚಿದರು. ನಾನು ಬಿಡಲಿಲ್ಲ.

ಇಸ್ಮಾಯಿಲ್‌ಭಾಯಿ ಒಂಟೆಯನ್ನು ಈಜಿಸಿಕೊಂಡು ಹೋಗಿ ಗಿಡಗಳ ನಡುವಿನಿಂದ ಅವರನ್ನು ತಂದರು. ಆಗ ಉಸಿರಿತ್ತು. ಜೀಪಿನಲ್ಲಿ ಒಮ್ಮೆ ಕಣ್ಣು ಬಿಟ್ಟರು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ನೀರು ಕುಡಿದದ್ದಕ್ಕಿಂತ ಹೆಚ್ಚಾಗಿ ಚಳಿಗೆ, ಆಯಾಸಕ್ಕೆ ಹೃದಯ ನಿಂತಿದೆ ಎಂದರು ಡಾಕ್ಟರ್.

ಅವರ ಬಲಗೈ ಮಣಿಕಟ್ಟಿಗೆ ಒಂದು ಕರವಸ್ತ್ರ ಗಂಟು ಹಾಕಿತ್ತು. ಆಸ್ಪತ್ರೆಯ ವರಾಂಡದಲ್ಲಿ ನರ್ಸ್ ಅದನ್ನು ಬಿಚ್ಚಿ ಸುಮತಕ್ಕನ ಕೈಗೆ ಕೊಟ್ಟಳು. ಒಳಗೆ ಒಂದು ಹಿಡಿಯಷ್ಟು ಬಳಚು. ಸುಮತಕ್ಕ ತುಂಬ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆಮೇಲೆ ನನ್ನ ಕಡೆ ಚಾಚಿದರು.

"ಇದನ್ನ ನೀರಿಗೆ ಬಿಡಿಸಿ. ಇನ್ನೂ ಜೀವ ಇದೆ."

ನಾನು ಇಸ್ಮಾಯಿಲ್‌ಭಾಯಿಯ ಕೈಯಲ್ಲಿ ಕಳಿಸಿದೆ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ವಿಚಾರಣೆ ನಡೆಯಿತು. ಎಚ್ಚರಿಕೆ ಕೊಟ್ಟಿದ್ದೆ, ಹೊತ್ತಿಗೆ ಸರಿಯಾಗಿ ಸೀಟಿ ಊದಿದ್ದೆ, ಉಳಿದವರೆಲ್ಲ ಕ್ಷೇಮವಾಗಿದ್ದಾರೆ ಎಂದು ಎಲ್ಲರೂ ಒಪ್ಪಿದರು. ನನ್ನೊಳಗೆ ಇದ್ದದ್ದು ಸಿಟ್ಟು. ಕರೋಲ್ ಬಾಗ್‌ನ ಮೆಟ್ಟಿಲು ಹತ್ತುವಾಗ, ಬಸ್ಸಿನಲ್ಲಿ ಜೋತಾಡುವಾಗ, ಸತ್ತ ಮನುಷ್ಯನ ಜೊತೆ ಜಗಳವಾಡುತ್ತಿದ್ದೆ. ಒಂದು ಸಲ ಹಿಂತಿರುಗಿ ನೋಡಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಸರ?

ಫೆಬ್ರವರಿಯಲ್ಲಿ ಆರ್.ಕೆ. ಪುರಂಗೆ ಹೋದೆ. ಸುಮತಕ್ಕ ಸಾಮಾನು ಕಟ್ಟುತ್ತಿದ್ದರು. ಗುಡಗಾಂವ್‌ನಲ್ಲಿ ಕೆಲಸದಲ್ಲಿದ್ದ ಮಗಳ ಫ್ಲ್ಯಾಟಿಗೆ ಹೊರಟಿದ್ದರು. ನನ್ನ ಕೈಯ ಮೇಲಿನ ಹಲ್ಲಿನ ಗುರುತು ನೋಡಿ, "ಇನ್ನೂ ಹೋಗ್ಲಿಲ್ವಾ?" ಎಂದರು. ಆಮೇಲೆ, "ಬಳಚು ಸಿಗ್ತದಾ ಅಂತ ನಾನೇ ಕೇಳಿದ್ದೆ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು."

"ಅಕ್ಕ, ನೀವು ಕೇಳದೆ ಇದ್ರೂ ಅವರು ಬಗ್ಗುತ್ತಿದ್ರು. ಆ ಕೆಸರು ಮೂಸಿದ ಮೇಲೆ ಅವರು ಕಚ್ಛ್‌ನಲ್ಲಿ ಇರಲೇ ಇಲ್ಲ, ನಿಮ್ಮೂರಲ್ಲಿದ್ರು."

ಅವರು ಕಟ್ಟುತ್ತಿದ್ದ ಗಂಟನ್ನು ಕೆಳಗಿಟ್ಟರು. "ಹೌದು. ನಾನೂ ಅಲ್ಲೇ ಇದ್ದೆ" ಎಂದರು. "ನಿಮ್ಮ ಪಕ್ಕ ಆ ಮುದುಕಿ ಇರದೆ ಇದ್ದಿದ್ರೆ, ನಾನೂ ಅವರ ಜೊತೆಗೇ ಕೆದಕ್ತಾ ಕೂರ್ತಿದ್ದೆ. ಅವರನ್ನ ದಾಟಿಸೋಕೆ ಅಂತ ನಾನು ಮುಂದೆ ಬಂದದ್ದು."

ಆ ಮಾತು ನನ್ನ ಸಿಟ್ಟನ್ನು ಇಳಿಸಿತು. ಕೆಲಸ ಮಾಡುವ ರೀತಿಯನ್ನೂ ಬದಲಿಸಿತು. ಕಡಲು ನೋಡದವರು ಹೇಗೂ ಹೆದರುತ್ತಾರೆ, ಹೆದರಿದವರು ಹೇಳಿದ್ದು ಕೇಳುತ್ತಾರೆ. ಗೈಡ್ ಕೈಹಿಡಿಯಬೇಕಾದ್ದು ಇನ್ನೊಂದು ದಂಡೆಯ ನೀರನ್ನು ಬಲ್ಲವರನ್ನು. ಪ್ರೀತಿಯಿಂದ ಕಲಿತದ್ದನ್ನು ಮೈ ಎಲ್ಲ ಕಡೆಗೂ ಹೊತ್ತುಕೊಂಡು ಹೋಗುತ್ತದೆ, ಮತ್ತು ಎಲ್ಲ ಕಡೆಯೂ ಅದು ನಿಜವಲ್ಲ. ಮುಂದಿನ ಚಳಿಗಾಲದಿಂದ ನನ್ನ ಮೊದಲ ಪ್ರಶ್ನೆ ಬೇರೆಯಾಯಿತು.

2007ರ ಡಿಸೆಂಬರ್ ತಂಡದಲ್ಲಿ ಸುಮತಕ್ಕ ಇದ್ದರು. ಹೆಸರು ನೋಡಿ ಫೋನ್ ಮಾಡಿದೆ. "ಬೇಡ ಅನ್ಬೇಡಿ" ಎಂದಷ್ಟೇ ಹೇಳಿದರು. ಕ್ರೀಕ್ ದಂಡೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದೆ: "ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರು ಯಾರಿದ್ದೀರಿ?"

ಸುಮತಕ್ಕ ಕೈ ಎತ್ತಿದರು. ನಾನು ಕರೆಯುವ ಮೊದಲೇ ಬಂದು ಪಕ್ಕದಲ್ಲಿ ನಿಂತರು. "ನನ್ನ ಕೈ ಬಿಡಬೇಡಿ. ಈ ನೀರು ನಂಗೆ ಗೊತ್ತು ಅಂತ ಈಗಲೂ ಅನ್ನಿಸ್ತದೆ."

ಬಯಲಿನ ಮೇಲೆ ಒಂದು ಕಡೆ ನಿಂತರು. ನಾನೂ ನಿಂತೆ. ಬಗ್ಗಿ, ಹಿಡಿದ ನನ್ನ ಕೈ ಬಿಡದೆ, ಇನ್ನೊಂದು ಕೈಯನ್ನು ಕೆಸರಿನೊಳಗೆ ಇಳಿಸಿದರು. ಮಣಿಕಟ್ಟಿನವರೆಗೂ ಹೋಯಿತು. ಬೆರಳುಗಳು ಒಳಗೆ ಹುಡುಕುತ್ತಿರುವುದು ಅವರ ತೋಳಿನಲ್ಲಿ ಕಾಣುತ್ತಿತ್ತು.

"ಇದೆ" ಎಂದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, "ಇರ್ಲಿ" ಎಂದು ಬರಿಗೈ ಹೊರಗೆ ತೆಗೆದರು.

ಸೀಟಿ ಊದಿದಾಗ ಮೊದಲು ತಿರುಗಿದವರು ಅವರೇ.