ಕಿವಿಯ ಹಿಂದಿನ ಮಸಿ

ಹಳ್ಳಿಗಳಲ್ಲಿ ಹಸುಗೂಸುಗಳು ಯಾಕೆ ಸಾಯುತ್ತವೆ ಎಂದು ವಿಚಾರಿಸಲು ಬಂದಿದ್ದ ನರ್ಸಮ್ಮನ ಜೊತೆ, ಐವತ್ತರ ದಶಕದಲ್ಲಿ, ಚಾಮರಾಜನಗರದ ಸುತ್ತ ಒಂದು ವರ್ಷ ಓಡಾಡಿದೆ. ಅವರು ಕೇಳುವುದು, ನಾನು ಬರೆದುಕೊಳ್ಳುವುದು. ಅವರು ಬಾಣಂತಿಯ ಎದುರು ನೆಲದ ಮೇಲೆಯೇ ಕೂತು, "ಎಷ್ಟು ಹೆತ್ತೆ ತಾಯಿ?" ಎನ್ನುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ, "ಹೋದವನ್ನೂ ಸೇರಿಸಿ ಹೇಳು."

ಪುಣಜನೂರಿನ ಒಂದು ಮನೆಯಲ್ಲಿ ಬಾಣಂತಿಯ ಬದಲು ಅವಳ ಅತ್ತೆ ಉತ್ತರ ಕೊಟ್ಟಳು.

"ಒಂದೇ ಕಣವ್ವ. ನಾಕು ಸಲ ಬಂದದೆ, ಮಗ ಒಂದೇಯ. ಎಂಟ್ನೇ ದಿನಕ್ಕೆ ಒಂಟೋಯ್ತದೆ, ತಿರ್ಗ ಬತ್ತದೆ. ಓದ್ಸಲ ಮಣ್ಣು ಮಾಡೋ ಮುಂಚೆ ಕಿವಿ ಹಿಂದ್ಕೆ ಮಸಿ ಬಳ್ದಿದ್ದೆ. ನೋಡು."

ಕೂಸಿನ ಕಿವಿ ಮಡಿಸಿ ತೋರಿಸಿದಳು. ಬೆರಳು ಒತ್ತಿದಷ್ಟು ಕಪ್ಪಿತ್ತು. ನರ್ಸಮ್ಮ ಸ್ಪಿರಿಟ್ಟಿನ ಹತ್ತಿಯಿಂದ ಎರಡು ಸಲ ಒರೆಸಿದರು. ಹೋಗಲಿಲ್ಲ.

"ಹೊಕ್ಕಳುಬಳ್ಳಿ ಯಾವುದರಲ್ಲಿ ಕುಯ್ದಿರಿ ಅಜ್ಜಿ?"

ಅಜ್ಜಿ ಸೂರಿನಿಂದ ಹುಲ್ಲು ಕುಯ್ಯುವ ಕುಡುಗೋಲನ್ನು ಎಳೆದು ತೋರಿಸಿದಳು. ತುಕ್ಕು ಹಿಡಿದಿತ್ತು. "ನಾಕು ಸಲಾನೂ ಇದ್ರಲ್ಲೇಯ."

"ಕೂಸಿಗೆ ಎಷ್ಟು ದಿನ?"

"ಇವತ್ಗೆ ಏಳು."

ನರ್ಸಮ್ಮ ಕಿರುಬೆರಳಿನಿಂದ ಕೂಸಿನ ತುಟಿ ಬಿಡಿಸಲು ನೋಡಿದರು. ಧನುರ್ವಾಯುವಿಗೆ ದವಡೆ ಆಗಲೇ ಬಿಗಿದಿತ್ತು. ಆಸ್ಪತ್ರೆಗೆ ಒಯ್ಯಲು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ತಾಯಿ ತಡೆಯಲಿಲ್ಲ. ಅಜ್ಜಿ ಕುಡುಗೋಲನ್ನು ಸೂರಿಗೆ ಸಿಕ್ಕಿಸುತ್ತ, "ಯಾಕವ್ವ ಸುಮ್ನೆ? ಅದೇ ತಿರ್ಗ ಬತ್ತದೆ ಬುಡು" ಎಂದಳು.

ಹೊಸಿಲು ದಾಟಿದ್ದ ನರ್ಸಮ್ಮ ಹಿಂದಕ್ಕೆ ಬಂದು ಅವಳ ಕೈಯಿಂದ ಕುಡುಗೋಲನ್ನು ಕಿತ್ತುಕೊಂಡರು.

ಅವರನ್ನು ನೆನೆದರೆ ಇಂದಿಗೂ ಅದೇ ಕಾಣುತ್ತದೆ. ಕಾಡಂಚಿನ ರಸ್ತೆಯಲ್ಲಿ ನನ್ನ ಮುಂದೆ ಸರಸರ ನಡೆಯುತ್ತಿದ್ದಾರೆ, ಒಂದು ಕೈಯಲ್ಲಿ ಅಳದ ಕೂಸು, ಇನ್ನೊಂದು ಕೈಯಲ್ಲಿ ಕುಡುಗೋಲು.